ದ್ರಾಕ್ಷಿ ತೋಟದ ಆಂಟೆನಾ

"ಅಲ್ಲೇ ನಿಂತ್ಕೊಳ್ಳಿ! ಒಂದ್ ಹೆಜ್ಜೆನೂ ಮುಂದಕ್ಕಿಡ್ಬೇಡಿ!"

ಬೆನ್ನ ಹಿಂದಿನಿಂದ ಬಂದ ಗಂಡಸಿನ ಕೂಗಿಗೆ ಅನುಸೂಯಳ ಜೀವವೇ ಹಾರಿಹೋಯಿತು. ಸೆರಗಿನೊಳಗೆ ಮುಚ್ಚಿಟ್ಟುಕೊಂಡಿದ್ದ ಮುದ್ದೆಯ ಬುತ್ತಿಯನ್ನು ಹೊಟ್ಟೆಗೆ ಒತ್ತಿ ಹಿಡಿದು ನಿಂತಲ್ಲೇ ನಿಂತಳು.

ಮುಗೀತು... ಸಿಕ್ಕಿಬಿದ್ದೆ!

ತಿರುಗಿ ನೋಡುವ ಧೈರ್ಯ ಬರಲಿಲ್ಲ. ದ್ರಾಕ್ಷಿ ಚಪ್ಪರದ ಕೆಳಗೆ ಓಡಿ ಬರುತ್ತಿದ್ದ ಬೂಟಿನ ಸದ್ದು ಹತ್ತಿರ ಹತ್ತಿರ ಬಂತು. ಬಂದವನು ಅವಳ ಮುಂದೆ ಬಗ್ಗಿ, ಹುಲ್ಲಿನ ನಡುವೆ ಕಾಣದಂತೆ ಹಾದು ಹೋಗಿದ್ದ ತಂತಿಯೊಂದನ್ನು ಎತ್ತಿ ತೋರಿಸಿದ.

"ಇದಕ್ಕೆ ಕಾಲು ಸಿಕ್ಕಿಸ್ಕೊಂಡು ಬಿದ್ಬಿಡ್ತಿದ್ರಿ. ಅದಕ್ಕೇ ಕೂಗಿದ್ದು... ಹೆದರಿಬಿಟ್ರಾ? ತಪ್ಪಾಯ್ತು."

ತೆಳ್ಳಗೆ, ಉದ್ದಕ್ಕಿದ್ದ ಹುಡುಗ. ನಕ್ಕರೆ ಕಣ್ಣೂ ನಗುವಂಥ ಮುಖ. ಆದರೆ ಅನುಸೂಯ ಆ ಮುಖವನ್ನು ನೋಡಲೇ ಇಲ್ಲ. ಅವಳ ದೃಷ್ಟಿ ಆ ತಂತಿಯ ಜಾಡು ಹಿಡಿದು ಹೋಗಿತ್ತು. ಪಕ್ಕದ ಹೊಲದ ಲಕ್ಷ್ಮಯ್ಯನವರ ಪಂಪಿನ ಮನೆ ಮುಂದೆ ನಿನ್ನೆಯವರೆಗೂ ಇಲ್ಲದ ಒಂದು ಕಂಬ ಎದ್ದು ನಿಂತಿತ್ತು. ಅದರ ತುದಿಯಲ್ಲಿ ಮೀನಿನ ಮುಳ್ಳಿನ ಹಾಗೆ ಹರಡಿಕೊಂಡ ಅಲ್ಯೂಮಿನಿಯಂ ಕಡ್ಡಿಗಳು. ಅಷ್ಟೂ ಕಡ್ಡಿಗಳು ಪಡುವಣಕ್ಕೆ, ಅನುಸೂಯಳ ಮನೆಯವರ ಹಳೇ ಬಾವಿಮನೆಯ ಕಡೆಗೇ ಮುಖ ಮಾಡಿದ್ದವು!

ಆ ಬಾವಿಮನೆಯೊಳಗೆ ಅವಳ ಅಣ್ಣ ಬೈಲಪ್ಪ ಅಡಗಿ ಕೂತಿದ್ದ.

"ಏನು... ಏನ್ ಮಾಡ್ತಿದ್ದೀರಾ ಇಲ್ಲಿ?" ಎಂದು ಕೇಳಿದಳು.

"ಕೇಳಿಸ್ಕೊಳ್ತಾ ಇದ್ದೀನಿ," ಎಂದ ಅವನು ಹೆಮ್ಮೆಯಿಂದ.

ಅನುಸೂಯಳಿಗೆ ಕಣ್ಣು ಕತ್ತಲಿಟ್ಟಿತು.

ಅದು ತುರ್ತು ಪರಿಸ್ಥಿತಿಯ ಕಾಲ. ಬೈಲಪ್ಪ ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ. ಗೆಳೆಯರ ಜೊತೆ ಸೇರಿ ಸರ್ಕಾರದ ವಿರುದ್ಧ ಗೋಡೆ ಮೇಲೆ ಬರೆದಿದ್ದ. ಗೆಳೆಯರನ್ನೆಲ್ಲ ಪೊಲೀಸರು ಎತ್ತಿಕೊಂಡು ಹೋದರು. ಎಲ್ಲಿಟ್ಟಿದ್ದಾರೆ, ಯಾವಾಗ ಬಿಡುತ್ತಾರೆ ಎಂದು ಕೇಳಲು ಹೋದ ಹೆತ್ತವರಿಗೂ ಉತ್ತರ ಸಿಗಲಿಲ್ಲ. ಬೈಲಪ್ಪನೊಬ್ಬನೇ ಗೋಡೆ ಹಾರಿ ತಪ್ಪಿಸಿಕೊಂಡು, ದೀಪಾವಳಿ ಹೊತ್ತಿಗೆ ಆವತಿಯ ತನ್ನ ತೋಟ ಸೇರಿದ್ದ. ಈಗ ಸಂಕ್ರಾಂತಿ ಕಳೆದಿತ್ತು. ಆವತ್ತಿನಿಂದ ಈವತ್ತಿನವರೆಗೆ ಆ ಮನೆಯಲ್ಲಿ ಯಾರೂ ಜೋರಾಗಿ ಮಾತಾಡಿರಲಿಲ್ಲ, ಜೋರಾಗಿ ಅತ್ತಿರಲೂ ಇಲ್ಲ.

"ಹೆಸರು ರಾಮಾಂಜಿನಪ್ಪ ಅಂತೆ ಅಪ್ಪ. ಹೊಸಕೋಟೆ ಕಡೆ ಅನುಗೊಂಡನಹಳ್ಳಿಯವನಂತೆ. ಬೆಂಗಳೂರಲ್ಲಿ ವಿಜ್ಞಾನ ಓದ್ತಾನಂತೆ," ಮನೆಗೆ ಓಡಿ ಬಂದು ಅನುಸೂಯ ಪಿಸುಗುಟ್ಟಿದಳು. "ಸುಳ್ಳು ಅನ್ಸುತ್ತೆ. ಅವನು ಸಿಐಡಿ ಇರ್ಬೇಕು!"

ಅಪ್ಪ ಮುನಿವೆಂಕಟಪ್ಪನ ಕೈಯಲ್ಲಿದ್ದ ಬೀಡಿ ಹಾಗೇ ಆರಿಹೋಯಿತು. ಬೈಲಪ್ಪನನ್ನು ಬೇರೆ ಕಡೆ ಸಾಗಿಸೋಣವೆಂದರೆ ಬಳ್ಳಾರಿ ರಸ್ತೆಯುದ್ದಕ್ಕೂ ತಪಾಸಣೆ ನಡೆದಿತ್ತು. ಆರಿದ ಬೀಡಿಯನ್ನು ಎಸೆದು ಅವನು ಹೇಳಿದ:

"ದೂರ ಇದ್ರೆ ಅನುಮಾನ ಬರುತ್ತೆ ಕಣಮ್ಮ. ದಿನಾ ಹೋಗಿ ಮಜ್ಜಿಗೆ ಕೊಡು. ನಗ್ತಾ ಮಾತಾಡ್ಸು. ಅವನಿಗೆ ಏನ್ ಗೊತ್ತಿದೆ, ಏನ್ ಗೊತ್ತಿಲ್ಲ ಅಂತ ತಿಳ್ಕೊಂಡು ಬಾ."

"ನಾನಾ...?"

"ನೀನೇ. ನನ್ನ ಮುಖ ನೋಡಿದ್ರೇ ಅವನಿಗೆ ಎಲ್ಲಾ ಗೊತ್ತಾಗಿಬಿಡುತ್ತೆ."

ಹಾಗೆ ಅನುಸೂಯ ದಿನವೂ ಒಂದು ಚೊಂಬು ಮಜ್ಜಿಗೆ ಹಿಡಿದು, ನಡುಗುವ ಕಾಲಲ್ಲಿ ಪಂಪಿನ ಮನೆಗೆ ಹೋಗತೊಡಗಿದಳು.

ಒಳಗೆ ಬೀರುವಿನಷ್ಟು ದೊಡ್ಡ ಪೆಟ್ಟಿಗೆ. ಅದರಿಂದ ಎಡೆಬಿಡದೆ ಸುಯ್ಯೆನ್ನುವ ಸದ್ದು. ಪಕ್ಕದಲ್ಲಿ ನಿಧಾನವಾಗಿ ಸರಿಯುವ ಕಾಗದದ ಸುರುಳಿಯ ಮೇಲೆ ಶಾಯಿಯ ಮುಳ್ಳೊಂದು ತಾನಾಗಿಯೇ ಗೆರೆ ಎಳೆಯುತ್ತಿತ್ತು. ಯಾರೂ ಮುಟ್ಟದೆ ಬರೆಯುವ ಆ ಮುಳ್ಳನ್ನು ನೋಡಿದಾಗಲೆಲ್ಲ ಅವಳ ಮೈ ಜುಮ್ಮೆನ್ನುತ್ತಿತ್ತು. ಏನನ್ನು ಬರೀತಿದೆ ಇದು? ಯಾರ ಬಗ್ಗೆ?

"ಆಫ್ರಿಕಾ ಖಂಡದ ನೆತ್ತಿ ಮೇಲೆ ಒಂದು ಉಪಗ್ರಹ ನಿಂತಿದೆ," ಒಂದು ದಿನ ರಾಮಾಂಜಿನಪ್ಪ ಬಾಗಿಲಾಚೆಯ ಪಡುವಣ ಆಕಾಶಕ್ಕೆ ಕೈ ತೋರಿಸಿದ. "ಅಲ್ಲಿಂದ ಅದು ರೇಡಿಯೋ ಅಲೆ ಕಳಿಸ್ತಾನೇ ಇರುತ್ತೆ. ಬರೋ ದಾರೀಲಿ ಏನೂ ಇಲ್ಲ, ಬರೀ ಖಾಲಿ ಅಂತ ನಾವಂದ್ಕೋತೀವಿ. ಖಾಲಿ ಇಲ್ಲ ರೀ! ವಿದ್ಯುತ್ ತುಂಬಿದ ಸಣ್ಣ ಸಣ್ಣ ಕಣ ಇದಾವೆ. ಪ್ಲಾಸ್ಮಾ ಅಂತಾರೆ. ಭೂಮಿಗೊಂದು ಅಯಸ್ಕಾಂತದ ಶಕ್ತಿ ಇದೆಯಲ್ಲ, ಅದು ಇವನ್ನೆಲ್ಲ ಹಿಡಿದಿಟ್ಕೊಂಡಿದೆ. ಅಲೆ ಅದರೊಳಗೆ ಹಾದು ಬರುವಾಗ ಸ್ವಲ್ಪ ತಿರುಚ್ಕೊಳ್ಳುತ್ತೆ, ಸ್ವಲ್ಪ ತಡ ಆಗುತ್ತೆ. ಎಷ್ಟು ತಿರುಚ್ತು, ಎಷ್ಟು ತಡ ಆಯ್ತು ಅಂತ ನೋಡಿದ್ರೆ ಅಲ್ಲಿ ಎಷ್ಟು ಪ್ಲಾಸ್ಮಾ ಇದೆ ಅಂತ ಗೊತ್ತಾಗುತ್ತೆ."

"ಅದಕ್ಕೆ ನಮ್ಮೂರೇ ಆಗ್ಬೇಕಿತ್ತಾ?"

"ಬೆಂಗಳೂರಲ್ಲಿ ಮೋಟಾರು, ವೆಲ್ಡಿಂಗು, ಒಂದೇ ಗಲಾಟೆ. ಇಲ್ಲಾದ್ರೆ ನಿಶ್ಶಬ್ದ."

ಅವಳು ಇಷ್ಟು ದಿನ ಎದೆಯಲ್ಲಿಟ್ಟುಕೊಂಡಿದ್ದ ಪ್ರಶ್ನೆಯನ್ನು ಕೇಳಿಯೇಬಿಟ್ಟಳು. "ಮನುಷ್ಯರ ಮಾತೂ ಕೇಳಿಸುತ್ತಾ ಇದರಲ್ಲಿ?"

ಅವನು ಜೋರಾಗಿ ನಕ್ಕ. "ಎಲ್ಲಿ ಬಂತು! ಪಕ್ಕದ ಮನೇಲಿ ಯಾರಾದ್ರೂ ಕೆಮ್ಮಿದ್ರೂ ಇದಕ್ಕೆ ಕೇಳ್ಸಲ್ಲ."

ಕೆಮ್ಮು!

ಹಿಂದಿನ ದಿನವಷ್ಟೇ ಅಣ್ಣನಿಗೆ ಕೆಮ್ಮು ಹತ್ತಿತ್ತು. ಆ ಮಾತನ್ನೇ ಯಾಕೆ ಆಡಿದ? ಬೇಕಂತಲೇ ಆಡಿದನಾ? ಅವಳು ಚೊಂಬನ್ನೂ ತೆಗೆದುಕೊಳ್ಳದೆ ಮನೆಗೆ ಓಡಿದಳು.

ಸಂಜೆ ಅವನೇ ಚೊಂಬನ್ನು ತೊಳೆದು ತಂದು ಜಗಲಿಯ ಮೇಲಿಟ್ಟು ಹೊರಟುಹೋದ.

ದಿನ ಕಳೆದಂತೆ ಬೈಲಪ್ಪನ ಕೆಮ್ಮು ಜ್ವರಕ್ಕೆ ತಿರುಗಿತು. ಡಾಕ್ಟರನ್ನು ಕರೆಯುವಂತಿಲ್ಲ. ಕಷಾಯಕ್ಕೆ ಜ್ವರ ಬಗ್ಗಲಿಲ್ಲ. ಅಮ್ಮ ಗಂಗಲಕ್ಷ್ಮಮ್ಮ ದೇವರ ಮುಂದೆ ಕೂತು ಬಾಯಿಗೆ ಸೆರಗು ತುರುಕಿಕೊಂಡು ಅಳುತ್ತಿದ್ದಳು. ಅನುಸೂಯಳಿಗೆ ಬೇರೆ ದಾರಿ ಕಾಣಲಿಲ್ಲ.

"ನಮ್ಮಪ್ಪಂಗೆ ಜ್ವರ," ಎಂದಳು ಪಂಪಿನ ಮನೆಯ ಬಾಗಿಲಲ್ಲಿ ನಿಂತು. "ದೇವನಹಳ್ಳಿಯಿಂದ ಮಾತ್ರೆ ತಂದ್ಕೊಡ್ತೀರಾ?"

ಹೇಳಿದ ಮೇಲೆ ಅವಳಿಗೆ ಅರಿವಾಯಿತು. ಬಾಗಿಲಿನಿಂದ ನೋಡಿದರೆ ಅಪ್ಪ ಎದುರಿನ ಹೊಲದಲ್ಲಿ ಗುದ್ದಲಿ ಹಿಡಿದು ನೀರು ತಿರುಗಿಸುತ್ತಿದ್ದ, ಕಲ್ಲುಗುಂಡಿನ ಹಾಗೆ!

ರಾಮಾಂಜಿನಪ್ಪನೂ ಆ ಕಡೆ ನೋಡಿದ. ಆಮೇಲೆ ಅವಳನ್ನು ನೋಡಿದ. ಸೈಕಲ್ ಹತ್ತಿದ.

ಬಿಸಿಲಲ್ಲಿ ಹೋಗಿ ಬೆವರಿಳಿಸಿಕೊಂಡು ಬಂದು ಮಾತ್ರೆ ಕೊಡುವಾಗ ಮೆಲ್ಲಗೆ ಹೇಳಿದ. "ಊಟ ಆದ್ಮೇಲೆ ಕೊಡಿ... ನಿಮ್ಮಪ್ಪನಿಗೆ. ಬಿಸಿನೀರು ಕುಡಿಸಿ. ಮತ್ತೆ... ಅಷ್ಟೊಂದು ಹೆದರ್ಬೇಡಿ."

ಅವಳು ತಲೆಯೆತ್ತಿದಳು. ಇಷ್ಟು ದಿನದಲ್ಲಿ ಮೊದಲ ಸಲ ಅವನ ಮುಖವನ್ನು ಸರಿಯಾಗಿ ನೋಡಿದ್ದು. ಆ ಕಣ್ಣುಗಳಲ್ಲಿ ಅವಳು ಹುಡುಕುತ್ತಿದ್ದ ಕೆಡುಕು ಇರಲಿಲ್ಲ. ಅಂದಿನಿಂದ ಇನ್ನೊಂದು ಹೊಸ ಭಯ ಶುರುವಾಯಿತು ಅವಳಿಗೆ. ಮಜ್ಜಿಗೆ ಕೊಡುವ ಹೊತ್ತು ಯಾವಾಗ ಬರುತ್ತದೋ ಎಂದು ಮನಸ್ಸು ಕಾಯುತ್ತಿತ್ತು!

ಬೇಡ... ಇವನು ಯಾರೋ ಏನೋ. ಅಣ್ಣನ ಜೀವ ನನ್ನ ಕೈಲಿದೆ. ನನಗೆ ಇದೆಲ್ಲ ಬೇಡ...

ಎಷ್ಟು ಹೇಳಿಕೊಂಡರೂ ಮನಸ್ಸು ಕೇಳಲಿಲ್ಲ.

ಯುಗಾದಿ ಹತ್ತಿರ ಬಂದಿತ್ತು. ಅವತ್ತು ಬೆಳಿಗ್ಗೆ ಅವಳು ತೋಟಕ್ಕೆ ಕಾಲಿಡುತ್ತಲೇ ರಾಮಾಂಜಿನಪ್ಪ ಹುಚ್ಚನ ಹಾಗೆ ಓಡಿ ಬಂದ.

"ಅನುಸೂಯ! ಬಾ ಇಲ್ಲಿ! ಬೇಗ ಬಾ!"

ಅವಳ ಹೆಸರನ್ನು ಅವನು ಹಾಗೆ ಏಕವಚನದಲ್ಲಿ ಕರೆದದ್ದು ಅದೇ ಮೊದಲು. ಅವನಿಗೆ ಅದರ ಪರಿವೆಯೇ ಇರಲಿಲ್ಲ.

ಕಾಗದದ ಮೇಲೆ ಮುಳ್ಳು ಮೈಮೇಲೆ ಬಂದವರ ಹಾಗೆ ಕುಣಿಯುತ್ತಿತ್ತು. ಅನುಸೂಯ ಎರಡು ಹೆಜ್ಜೆ ಹಿಂದೆ ಸರಿದಳು. "ಏನಾಯ್ತು ಇದಕ್ಕೆ?"

"ಸೂರ್ಯನಿಂದ ಬಿರುಗಾಳಿ ಎದ್ದಿದೆ! ನಮಗಿಲ್ಲಿ ಎಲೆಯೂ ಅಲ್ಲಾಡಲ್ಲ. ಆದ್ರೆ ಮೇಲೆ, ಭೂಮಿ ಸುತ್ತ ಇರೋ ಪ್ಲಾಸ್ಮಾದ ಹೊರಪದರ ಇದೆಯಲ್ಲ, ಅದು ಹರಿದು ಹೋಗ್ತಾ ಇರ್ಬೇಕು. ಒಂದು ಕಡೆಯಿಂದ ನಾಲಿಗೆ ಚಾಚಿದ ಹಾಗೆ ಉದ್ದಕ್ಕೆ ಎಳ್ಕೊಂಡು, ತುಂಡಾಗಿ, ದೂರ ತೇಲಿಹೋಗುತ್ತೆ ಅಂತಾರೆ. ನಾನು ಬಂದಾಗಿನಿಂದ ಕಾಯ್ತಾ ಇದ್ದಿದ್ದು ಇದಕ್ಕೇ!"

"ನಮಗೇನಾದ್ರೂ ಆಗುತ್ತಾ?"

"ಏನೂ ಆಗಲ್ಲ." ಅವನು ಅವಳ ಕಡೆ ತಿರುಗಿದ. ದನಿ ಮೆತ್ತಗಾಯಿತು. "ನಾನಿದ್ದೀನಲ್ಲ."

ಆ ಒಂದು ಮಾತಿಗೆ ಅನುಸೂಯಳ ಕಣ್ಣು ತುಂಬಿತು. ಇಷ್ಟು ತಿಂಗಳಲ್ಲಿ ಯಾರೂ ಅವಳಿಗೆ ಹಾಗೆ ಹೇಳಿರಲಿಲ್ಲ. ಎಲ್ಲವನ್ನೂ ಇವನಿಗೆ ಹೇಳಿಬಿಡಲಾ? ಅಣ್ಣನ ವಿಷಯ, ನನ್ನ ಮನಸ್ಸಿನ ವಿಷಯ, ಎಲ್ಲಾ?

ತುಟಿಯವರೆಗೆ ಬಂದಿತ್ತು. ಅಷ್ಟರಲ್ಲಿ ಅವನು ಸೈಕಲ್ ಎಳೆದ. "ದೇವನಹಳ್ಳಿಗೆ ಹೋಗಿ ನಮ್ಮ ಪ್ರೊಫೆಸರಿಗೆ ಫೋನ್ ಮಾಡಿ ಬಂದ್ಬಿಡ್ತೀನಿ. ಬಂದ್ಮೇಲೆ ಮಾತಾಡೋಣ. ನಂದೂ ಒಂದು ಮಾತಿದೆ."

ಮಧ್ಯಾಹ್ನ ಇಳಿಯುವ ಹೊತ್ತಿಗೆ ಅವನು ವಾಪಸು ಬಂದ.

ಅವನ ಹಿಂದೆಯೇ ಧೂಳೆಬ್ಬಿಸಿಕೊಂಡು ಪೊಲೀಸ್ ಜೀಪೊಂದು ತೋಟದ ದಾರಿಗೆ ತಿರುಗಿತು!

ಬಾವಿಮನೆಯ ಹತ್ತಿರ ದ್ರಾಕ್ಷಿ ಬುಟ್ಟಿ ಜೋಡಿಸುತ್ತಿದ್ದ ಅನುಸೂಯ ಅದರ ಬಾಗಿಲಿಗೆ ಅಡ್ಡವಾಗಿ ನಿಂತಳು. ಜೀಪಿನಿಂದ ಇಳಿದ ಸಬ್‌ಇನ್ಸ್‌ಪೆಕ್ಟರ್ ಲಾಠಿಯಿಂದ ಸುತ್ತಲೂ ತೋರಿಸಿದ. "ಒಂದೊಂದು ಶೆಡ್ಡೂ ಬಿಡ್ಬೇಡಿ. ಎಲ್ಲಾ ಜಾಲಾಡ್ರಿ!"

ಫೋನ್... ಫೋನ್ ಮಾಡಿ ಬರ್ತೀನಿ ಅಂದನಲ್ಲ!

ರಾಮಾಂಜಿನಪ್ಪ ಸೈಕಲ್ ಬಿಸಾಕಿ ಅವಳ ಬಳಿಗೆ ಓಡಿ ಬಂದ. ಅವಳು ಹಲ್ಲು ಕಚ್ಚಿ ಉಸಿರಿನಲ್ಲೇ ಅಂದಳು:

"ನೀನೇ ಕರೆಸಿದ್ದು ಅಲ್ವಾ? ನಂಬಿದ್ದೆ ನಿನ್ನ... ಥೂ!"

ಅವನ ಮುಖದಲ್ಲಿ ರಕ್ತ ಇಂಗಿಹೋಯಿತು. ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಬಾವಿಮನೆಯೊಳಗಿನಿಂದ ಅದುಮಿ ಹಿಡಿದ ಒಂದು ಕೆಮ್ಮು ಕೇಳಿತು. ಪೇದೆಯೊಬ್ಬ ಅತ್ತ ಕತ್ತು ತಿರುಗಿಸಿದ. "ಯಾರೋ ಅದು ಒಳಗೆ?"

ರಾಮಾಂಜಿನಪ್ಪ ಬಾಯಿ ಮುಚ್ಚಿದ. ಅವಳನ್ನು ಒಂದು ಸಲ ನೋಡಿದ. ಆಮೇಲೆ ಜೋರಾಗಿ ಕೆಮ್ಮುತ್ತಾ ಪೊಲೀಸರ ಕಡೆಗೆ ನಡೆದುಬಿಟ್ಟ.

"ಸಾರ್! ನೀವು ಹುಡುಕ್ತಿರೋದು ನನ್ನನ್ನೇ. ಯಂತ್ರ ಇಟ್ಟಿರೋನು ನಾನು. ಅಲ್ಲೆಲ್ಲ ಏನೂ ಇಲ್ಲ. ಇನ್ನೊಂದು ಯಂತ್ರ ಬೆಟ್ಟದ ಮೇಲಿದೆ. ಬನ್ನಿ, ತೋರಿಸ್ತೀನಿ!"

ಪೇದೆ ಬಾವಿಮನೆಯನ್ನು ಮರೆತ. ಪಂಪಿನ ಮನೆಗೆ ನುಗ್ಗಿದವರು ತಂತಿಗಳನ್ನು ಕಿತ್ತು ಪೆಟ್ಟಿಗೆಯನ್ನು ಹೊರಗೆಳೆದರು. ಸುಯ್ಯೆನ್ನುತ್ತಿದ್ದ ಸದ್ದು ನಿಂತುಹೋಯಿತು. ಕಾಯ್ದು ಕಾಯ್ದು ಸಿಕ್ಕಿದ ಬಿರುಗಾಳಿಯ ಗೆರೆ ಅರ್ಧಕ್ಕೇ ತುಂಡಾಯಿತು. ಅವನ ರಟ್ಟೆ ಹಿಡಿದು ಜೀಪಿಗೆ ತಳ್ಳಿದರು. ಜೀಪು ಆವತಿ ಬೆಟ್ಟದ ಕಡೆ ಹೋಯಿತು.

ಬೆಟ್ಟದ ಮೇಲೆ ಯಾವ ಯಂತ್ರವೂ ಇಲ್ಲವೆಂದು ಅನುಸೂಯಳಿಗೆ ಗೊತ್ತಿತ್ತು. ಹಾಗಿದ್ದರೆ... ಯಾಕೆ ಹಾಗಂದ?

ಬಾವಿಮನೆಯ ಬಾಗಿಲು ತೆರೆದಾಗ ಬೈಲಪ್ಪ ಗೋಡೆಗೆ ಒರಗಿ ಏದುಸಿರು ಬಿಡುತ್ತಿದ್ದ.

"ಅವನಿಗೆ ನಾನಿಲ್ಲಿರೋದು ಯಾವತ್ತೋ ಗೊತ್ತು ಕಣೇ," ಎಂದ. "ನಂಗೆ ಜ್ವರ ಏರಿದ್ದಾಗ ಬಾಗಿಲು ಸರಿಸಿ ಒಳಗೆ ಬಂದಿದ್ದ. ನೀರು ಕುಡಿಸಿದ. 'ನಾನು ನೋಡೇ ಇಲ್ಲ ಅಂದ್ಕೊಳ್ಳಿ, ತಂಗಿಗೂ ಹೇಳ್ಬೇಡಿ, ಇನ್ನೂ ಹೆದರ್ತಾರೆ' ಅಂದು ಹೋದ."

ಅನುಸೂಯ ಅಲ್ಲೇ ಕುಸಿದು ಕೂತಳು.

ಥೂ ಅಂದೆನಲ್ಲ... ಅವನ ಮುಖಕ್ಕೆ ಥೂ ಅಂದೆನಲ್ಲ!

ಪೊಲೀಸರು ಇನ್ನೊಮ್ಮೆ ಬರುವುದು ಖಂಡಿತವಿತ್ತು. ಕತ್ತಲಾಗುವ ಮೊದಲೇ ಮುನಿವೆಂಕಟಪ್ಪ ದ್ರಾಕ್ಷಿ ಲಾರಿ ಗೊತ್ತು ಮಾಡಿದ. ತಪಾಸಣೆಯ ಅಪಾಯ ಇದ್ದೇ ಇತ್ತು, ಆದರೆ ಇನ್ನು ಇಲ್ಲಿರುವುದು ಅದಕ್ಕಿಂತ ಅಪಾಯ. ಬುಟ್ಟಿಗಳ ನಡುವೆ ಬೈಲಪ್ಪನನ್ನು ಮಲಗಿಸಿ, ಮೇಲೆ ಗೋಣಿ ಹೊದಿಸಿ, ಹಿಂದೂಪುರದ ಮುತ್ಯಾಲಮ್ಮತ್ತೆಯ ಮನೆಗೆ ಕಳಿಸಿಕೊಟ್ಟರು. ಕ್ಷೇಮವಾಗಿ ಸೇರಿದನೆಂದು ಲಾರಿಯವನು ಬೆಳಿಗ್ಗೆ ಬಂದು ಹೇಳುವವರೆಗೆ ಮನೆಯಲ್ಲಿ ಯಾರೂ ರೆಪ್ಪೆ ಮುಚ್ಚಲಿಲ್ಲ.

"ನಾನು ಠಾಣೆಗೆ ಹೋಗ್ತೀನಿ," ಎಂದಳು ಅನುಸೂಯ.

"ತಲೆ ಕೆಟ್ಟಿದೆಯಾ? ಹೋದ್ರೆ ನಮ್ಮನ್ನೂ ಒಳಗೆ ಹಾಕ್ತಾರೆ!"

"ನಮ್ಮಣ್ಣನ್ನ ಉಳಿಸೋಕೆ ಅವರು ಒಳಗೆ ಹೋದ್ರು ಅಪ್ಪ. ನಾವಿಲ್ಲಿ ಬಾಗಿಲು ಹಾಕ್ಕೊಂಡು ಕೂತ್ಕೊಳ್ಳೋದಾ?"

ಅಪ್ಪ ತಲೆ ತಗ್ಗಿಸಿದ. ಅವಳು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು. ಠಾಣೆಯ ಮೆಟ್ಟಿಲ ಬಳಿ ಸೆರಗು ಸರಿಮಾಡಿಕೊಂಡಳು. ಕಂಬ ಹಿಡಿದುಕೊಂಡೇ ಹತ್ತಿದಳು.

ಸರಳುಗಳ ಹಿಂದೆ ಅವನಿದ್ದ. ತುಟಿ ಒಡೆದಿತ್ತು. ಅವಳನ್ನು ಕಂಡು ಬೇಡ ಬೇಡವೆಂದು ತಲೆಯಾಡಿಸಿದ.

"ಏನಮ್ಮಾ?" ಸಬ್‌ಇನ್ಸ್‌ಪೆಕ್ಟರ್ ಹುಬ್ಬು ಗಂಟಿಕ್ಕಿದ.

"ಅವರನ್ನ ಬಿಟ್ಬಿಡಿ ಸ್ವಾಮಿ. ಅವರು ಯಾವ ದೇಶದ್ರೋಹನೂ ಮಾಡಿಲ್ಲ."

"ಹೌದಾ? ಅದೇನೋ ಉಪಗ್ರಹ ಅಂತ ಕಥೆ ಹೇಳ್ತಾನೆ. ಇಲ್ಲದ ಯಂತ್ರ ಇದೆ ಅಂತ ನಮ್ಮನ್ನ ಬೆಟ್ಟ ಹತ್ತಿಸಿ ಇಳಿಸಿದ್ದಾನೆ. ಆ ಬಾವಿಮನೇಲಿ ಯಾರನ್ನ ಬಚ್ಚಿಟ್ಟಿದ್ದ ಹೇಳು!"

ಇನ್ನೊಂದೇ ಮಾತು. ಅದನ್ನಾಡಿದರೆ ರಾಮಾಂಜಿನಪ್ಪ ಉಳಿಯುತ್ತಾನೆ, ತನ್ನ ಮಾನ ಹೋಗುತ್ತದೆ. ಅವಳು ಕಣ್ಣು ಮುಚ್ಚಿ ಆಡಿಬಿಟ್ಟಳು.

"ನನ್ನನ್ನ."

ಠಾಣೆಯಲ್ಲಿ ಬರೆಯುತ್ತಿದ್ದವರ ಕೈ ನಿಂತಿತು.

"ಒಳಗಿದ್ದಿದ್ದು ನಾನು. ನಾವಿಬ್ರೂ... ಅಲ್ಲಿ ಸೇರ್ತಿದ್ವಿ. ನೀವು ಬಂದಾಗ ಆಗ ತಾನೇ ಹೊರಗೆ ಬಂದು ಬಾಗಿಲಲ್ಲೇ ನಿಂತಿದ್ದೆ, ನಿಮ್ಮ ಪೇದೆನೂ ನೋಡಿದ್ದಾರೆ. ಒಳಗೆ ನನ್ನ ಸಾಮಾನು ಸಿಕ್ಕಿ ಊರಿಗೆಲ್ಲ ಗೊತ್ತಾದ್ರೆ ನನ್ನ ಮರ್ಯಾದೆ ಹೋಗುತ್ತೆ ಅಂತ ನಿಮ್ಮನ್ನ ಬೆಟ್ಟಕ್ಕೆ ಕರ್ಕೊಂಡ್ಹೋದ್ರು. ನಾನು ಅವರನ್ನ ಇಷ್ಟಪಟ್ಟಿದ್ದೀನಿ. ಮದುವೆ ಅಂತಾದ್ರೆ ಅವರನ್ನೇ!"

ಸಬ್‌ಇನ್ಸ್‌ಪೆಕ್ಟರ್ ಗಹಗಹಿಸಿ ನಕ್ಕ. "ನಿಮ್ಮಪ್ಪನಿಗೆ ಗೊತ್ತೇನಮ್ಮಾ ಈ ಘನಕಾರ್ಯ?"

"ಗೊತ್ತು ಸ್ವಾಮಿ."

ಬಾಗಿಲಲ್ಲಿ ಮುನಿವೆಂಕಟಪ್ಪ ನಿಂತಿದ್ದ. ಮಗಳ ಹಿಂದೆಯೇ ಬಂದಿದ್ದ. ಪೇಟ ತೆಗೆದು ಎರಡೂ ಕೈಲಿ ಹಿಡಿದುಕೊಂಡಿದ್ದ. "ಆ ಹುಡುಗ ನಮ್ಮ ಅಳಿಯ ಆಗೋನು. ಹುಡುಗಾಟ ಮಾಡಿದಾರೆ, ಹೊಟ್ಟೆಗೆ ಹಾಕ್ಕೊಳ್ಳಿ."

ಅನುಸೂಯಳಿಗೆ ತಡೆಯಲಾಗಲಿಲ್ಲ. ಎಲ್ಲರ ಎದುರಿಗೇ ಬಿಕ್ಕಿ ಬಿಕ್ಕಿ ಅತ್ತಳು.

ಬಿರುಗಾಳಿಯ ಗೆರೆ ನೋಡಲೆಂದು ಬೆಂಗಳೂರಿನಿಂದ ತೋಟಕ್ಕೆ ಬಂದಿದ್ದ ಪ್ರೊಫೆಸರ್, ಸುದ್ದಿ ತಿಳಿದು ಮಧ್ಯಾಹ್ನದ ಹೊತ್ತಿಗೆ ಠಾಣೆಗೆ ಬಂದರು. ತಾವೇ ಕಳಿಸಿದ ಹುಡುಗ, ಉಪಗ್ರಹದ ಕೆಲಸಕ್ಕೆ ಸರ್ಕಾರದ ಒಪ್ಪಿಗೆಯೇ ಇದೆ ಎಂದು ಗಟ್ಟಿಯಾಗಿ ವಾದಿಸಿದರು. ಊರಿನ ಯಾರೋ ಕಂಬವನ್ನು ಕಂಡು ಹೆದರಿ ದೂರು ಕೊಟ್ಟಿದ್ದರೆಂದು ಆಗ ತಿಳಿಯಿತು. ಯಂತ್ರದ ಅನುಮಾನವನ್ನು ಪ್ರೊಫೆಸರು ಪರಿಹರಿಸಿದರು. ಬೆಟ್ಟ ಹತ್ತಿಸಿದ ಸಿಟ್ಟನ್ನು ಅನುಸೂಯಳ ಮಾತು ಆಗಲೇ ಕರಗಿಸಿತ್ತು. ಪೊಲೀಸರು ಬೈದು, ಬೆದರಿಸಿ, ಸಂಜೆ ಅವನನ್ನು ಬಿಟ್ಟರು.

ಬೈಲಪ್ಪ ಮನೆಗೆ ಬಂದದ್ದು ಮಾರನೆಯ ವರ್ಷ, ತುರ್ತು ಪರಿಸ್ಥಿತಿ ಮುಗಿದ ಮೇಲೆ. ಅಲ್ಲಿಯವರೆಗೂ ಆ ಮನೆಯವರ ಹೆದರಿಕೆ ಪೂರ್ತಿ ಹೋಗಲಿಲ್ಲ. ಆದರೆ ಠಾಣೆಯಿಂದ ಹೊರಬಂದ ಅವತ್ತಿನ ಸಂಜೆ, ಬಸ್ ನಿಲ್ದಾಣದ ಹೊಂಗೆ ಮರದ ಕೆಳಗೆ ಅನುಸೂಯ, ರಾಮಾಂಜಿನಪ್ಪ ಇಬ್ಬರೇ ನಿಂತಿದ್ದರು. ಮುನಿವೆಂಕಟಪ್ಪ ಬಸ್ ನೋಡುವ ನೆಪದಲ್ಲಿ ದೂರ ಹೋಗಿ ನಿಂತಿದ್ದ.

"ನಿನ್ನೆ ನಿಮಗೆ ಹಾಗಂದ್ಬಿಟ್ಟೆ..." ಅವಳ ದನಿ ಒಡೆಯಿತು. "ಮೊದಲಿಂದ್ಲೂ ನಿಮ್ಮನ್ನ ಸಿಐಡಿ ಅಂದ್ಕೊಂಡೇ ಬರ್ತಿದ್ದೆ. ಏನ್ ಗೊತ್ತಿದೆ ಅಂತ ತಿಳ್ಕೊಳ್ಳೋಕೆ."

"ಗೊತ್ತಿತ್ತು. ಅಷ್ಟೊಂದು ನಡುಗ್ಕೊಂಡು ಯಾರಾದ್ರೂ ಸುಮ್ನೆ ಬರ್ತಾರಾ?"

"ನಿಮ್ಮ ಬಿರುಗಾಳಿ ನನ್ನಿಂದ ಹಾಳಾಯ್ತು."

"ಸೂರ್ಯ ಇರೋವರೆಗೂ ಇನ್ನೆಷ್ಟೋ ಬರ್ತವೆ ಬಿಡು." ಅವನು ಒಡೆದ ತುಟಿಯಲ್ಲೇ ನಗಲು ನೋಡಿ ನೋವಿಗೆ ಮುಖ ಕಿವುಚಿದ. ಆಮೇಲೆ ಮೆಲ್ಲಗೆ ಕೇಳಿದ. "ಠಾಣೇಲಿ ಹೇಳಿದೆಯಲ್ಲ... ಅದಷ್ಟೂ ಸುಳ್ಳಾ?"

ಅನುಸೂಯ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಬಾವಿಮನೆ ಒಳಗೆ ನಾನಿದ್ದೆ ಅಂದಿದ್ದು ಸುಳ್ಳು. ಅಲ್ಲಿ ಸೇರ್ತಿದ್ವಿ ಅಂದಿದ್ದೂ ಸುಳ್ಳು."

"ಉಳಿದಿದ್ದು?"

ದೂರದಲ್ಲಿ ಬಸ್ಸಿನ ಹಾರನ್ ಕೇಳಿತು. ಅವಳು ತಲೆಯೆತ್ತಿ ಅವನ ಕಣ್ಣಿಗೆ ಕಣ್ಣಿಟ್ಟು ನೋಡಿದಳು.

"ಉಳಿದಿದ್ದನ್ನ ರಸ್ತೇಲಿ ನಿಂತು ಕೇಳ್ತಾರೇನ್ರೀ? ಹಬ್ಬ ಕಳೀಲಿ... ಅನುಗೊಂಡನಹಳ್ಳಿಯಿಂದ ದೊಡ್ಡೋರನ್ನ ಕರ್ಕೊಂಡು ಮನೆಗೆ ಬನ್ನಿ. ಹೇಳ್ತೀನಿ."

"ಬಂದಾಗ ಹೆದರ್ಕೊಂಡು ಓಡಿಹೋಗಲ್ಲ ತಾನೇ?"

"ಹೆದರಿಕೆ ಆಗುತ್ತೆ," ಎಂದಳು ಅನುಸೂಯ. "ಓಡಲ್ಲ."